ಮುಳ್ಳು ಕಡಿಮೆಯಾದ ಗುಲಾಬಿ: ಹನುಮಂತನಗರದ ಒಂದು ಗಿಡದ ಪ್ರಕರಣ

2023ರ ಫೆಬ್ರವರಿ ಹೊತ್ತಿಗೆ ನಮ್ಮ ಮನೆ ಮುಂದಿನ ಗುಲಾಬಿ ಗಿಡ ನನಗಿಂತ ಎತ್ತರ ಆಗಿತ್ತು. ಸುಮಾರು 7 ಅಡಿ. ಬುಡದಿಂದ ಮೂರು ದಪ್ಪ ಕೊಂಬೆ ಎದ್ದು, ಕಾಂಪೌಂಡ್ ಗೋಡೆ ದಾಟಿ ರಸ್ತೆ ಕಡೆಗೆ ಬಾಗಿದ್ದವು. ಎಲೆ ಅಂದರೆ ಎಲೆ. ದಾರಿಯಲ್ಲಿ ಹೋಗುವವರು ನಿಂತು "ಏನ್ ಹಾಕ್ತೀರಾ ಇದಕ್ಕೆ?" ಅಂತ ಅಮ್ಮನನ್ನು ಕೇಳುತ್ತಿದ್ದರು.

ಆದರೆ ಆ ಗಿಡ ಹೂ ಬಿಟ್ಟು 14 ತಿಂಗಳಾಗಿತ್ತು. ಮೊಗ್ಗಿನ ಸುಳಿವೂ ಇರಲಿಲ್ಲ.

ಬೆಂಗಳೂರಿನಲ್ಲಿ ಗುಲಾಬಿ ಬೆಳೆಸುವ ಎಷ್ಟೋ ಮನೆಗಳಲ್ಲಿ ಇದೇ ಮಾತು ಕೇಳಿದ್ದೇನೆ. ಗಿಡ ಚೆನ್ನಾಗಿದೆ, ಹೂವೇ ಇಲ್ಲ. ಕೇಳಿದವರಿಗೆಲ್ಲ ಸಿಗುವ ಉತ್ತರವೂ ಒಂದೇ, ಗೊಬ್ಬರ ಹಾಕಿ. ನಾವೂ ಅದನ್ನೇ ಮಾಡಿದೆವು. ಎಲ್ಲಿ ತಪ್ಪಿದೆವು, ಹೇಗೆ ಗೊತ್ತಾಯಿತು, ಆಮೇಲೆ ಏನಾಯಿತು ಅನ್ನುವುದನ್ನು ನಡೆದ ಹಾಗೆಯೇ ಬರೆಯುತ್ತೇನೆ.

ಗಿಡ ಬಂದದ್ದು, ಮುರಿದದ್ದು

2020ರ ಜನವರಿಯಲ್ಲಿ ಅಮ್ಮ, ನಾನು ಲಾಲ್‌ಬಾಗ್‌ನ ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನಕ್ಕೆ ಹೋಗಿದ್ದೆವು. ಬರುವಾಗ ದಾರಿಯಲ್ಲಿ ಒಂದು ನರ್ಸರಿಯಲ್ಲಿ ಈ ಗಿಡ ತಗೊಂಡೆವು. ಕೆಂಪು ಹೂ. ಕವರಿಗೆ ಕಟ್ಟಿದ್ದ ಚೀಟಿಯ ಮೇಲಿನ ಹೆಸರು ನೀರು ಬಿದ್ದು ಅಳಿಸಿತ್ತು. ಅಲ್ಲಿದ್ದ ಹುಡುಗನನ್ನು ಕೇಳಿದರೆ "ಗ್ಲಾಡಿಯೇಟರ್ ಥರಾನೇ ಮೇಡಂ, ವಾಸನೆ ಜಾಸ್ತಿ" ಅಂದ. ಗ್ಲಾಡಿಯೇಟರ್ ಗೊತ್ತಲ್ವಾ, ಒಂದು ಕಾಲಕ್ಕೆ ಬೆಂಗಳೂರಿನ ಹೂಗುಚ್ಛಗಳಲ್ಲೆಲ್ಲ ಅದೇ ಇರುತ್ತಿತ್ತು. ಇದು ಅದಲ್ಲ. ಇದರ ವಾಸನೆ ಬೇರೆ. ಸಂಜೆ ಬಾಗಿಲು ತೆರೆದರೆ ಹಾಲ್‌ವರೆಗೂ ಬರುತ್ತಿತ್ತು.

ಆ ವರ್ಷ ಲಾಕ್‌ಡೌನ್. ಹೂ ತರಲು ಮಾರ್ಕೆಟ್‌ಗೆ ಹೋಗುವ ಹಾಗಿರಲಿಲ್ಲ. ಕುಂಡದಲ್ಲಿದ್ದ ಈ ಗಿಡದ ಹೂವೇ ಶುಕ್ರವಾರದ ಪೂಜೆಗೆ. ಅಮ್ಮನಿಗೆ ಅದರ ಮೇಲೆ ಅಷ್ಟು ಪ್ರೀತಿ ಹುಟ್ಟಿದ್ದು ಆಗಲೇ. ಹೆಸರೇ ಗೊತ್ತಿಲ್ಲದ ಗಿಡ, ಹೋದರೆ ಇನ್ನೊಂದು ತರಲು ಆಗುವುದಿಲ್ಲ ಅನ್ನುವುದೂ ಮನಸ್ಸಿನಲ್ಲಿತ್ತು.

2021ರ ಜೂನ್‌ನಲ್ಲಿ, ಮಳೆ ಶುರುವಾದ ಮೇಲೆ, ಕುಂಡದಿಂದ ನೆಲಕ್ಕೆ ಇಳಿಸಿದೆವು. ನಮ್ಮದು 30x40 ಸೈಟ್. ಮುಂದೆ 4 ಅಡಿ ಅಗಲ, 10 ಅಡಿ ಉದ್ದದ ಮಣ್ಣು ಇದೆ, ಅಷ್ಟೇ. ಒಂದೂವರೆ ಅಡಿ ಗುಂಡಿ, ಕೆಂಪು ಮಣ್ಣು, ಹಳೆಯ ಕೊಟ್ಟಿಗೆ ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ. ಗಿಡ ಅಲ್ಲಾಡದೆ ನಿಲ್ಲಲಿ ಅಂತ ಬುಡದ ಗಂಟು ಮುಚ್ಚುವಷ್ಟು ಮಣ್ಣು ಏರಿಸಿದೆವು. ಈ ಗಂಟಿನ ವಿಷಯ ನೆನಪಿಟ್ಟುಕೊಳ್ಳಿ.

ಅದರ ಪಕ್ಕದಲ್ಲೇ, ಒಂದು ಮಾರು ದೂರದಲ್ಲಿ, ಪನ್ನೀರು ಗುಲಾಬಿ ಇತ್ತು. ತುಮಕೂರಿನ ಚಿಕ್ಕಮ್ಮನ ಮನೆಯಿಂದ ತಂದ ಕಡ್ಡಿ ನೆಟ್ಟು ಬಂದದ್ದು.

ಆ ಡಿಸೆಂಬರ್‌ನಲ್ಲಿ ಮನೆಗೆ ಬಣ್ಣ ಹೊಡೆಸಿದೆವು. ಕಟ್ಟಿದ್ದ ಬೊಂಬು ಜಾರಿ ಗಿಡದ ಮೇಲೆ ಬಿತ್ತು. ಮುಖ್ಯ ಕೊಂಬೆ ಬುಡದಲ್ಲೇ ಸೀಳಿಹೋಯಿತು. ಅಮ್ಮ ಮುರಿದ ಜಾಗವನ್ನು ಕತ್ತರಿಸಿ, ಅರಿಶಿನ ಹಚ್ಚಿ, ದಿನಾ ನೋಡುತ್ತಿದ್ದರು. ಮೂರು ವಾರಕ್ಕೆ ಮಣ್ಣಿನಿಂದ ಒಂದು ಚಿಗುರು ಎದ್ದಿತು. ದಪ್ಪ, ತಿಳಿ ಹಸಿರು, ದಿನಕ್ಕೆ ಒಂದಿಷ್ಟು ಬೆಳೆಯುವುದು ಕಣ್ಣಿಗೆ ಕಾಣುತ್ತಿತ್ತು. ಅದರ ಹಿಂದೆ ಇನ್ನೆರಡು. "ಬದುಕ್ತು ನೋಡು" ಅಂತ ಅಮ್ಮ ನನಗೆ ಆಫೀಸಿಗೆ ಫೋನ್ ಮಾಡಿ ಹೇಳಿದ್ದರು. ಆಮೇಲೊಮ್ಮೆ ಖುಷಿಯಿಂದ "ಈ ಸಲ ಮುಳ್ಳೂ ಕಡಿಮೆ ಬಂದಿದೆ ಕಣೇ" ಅಂದರು.

ಇಡೀ ಪ್ರಕರಣದ ಉತ್ತರ ಆ ಒಂದು ಮಾತಿನಲ್ಲೇ ಇತ್ತು. ನಾನು ಕೇಳಿ ಸುಮ್ನೆ ತಲೆಯಾಡಿಸಿದೆ.

ಹದಿನಾಲ್ಕು ತಿಂಗಳು ಮಾಡಿದ್ದು

ಮೊದಲ ನಾಲ್ಕೈದು ತಿಂಗಳು ಯಾರಿಗೂ ಚಿಂತೆ ಇರಲಿಲ್ಲ. ಮುರಿದ ಗಿಡ, ಸುಧಾರಿಸಿಕೊಳ್ಳಲಿ. ಆಮೇಲೆ ಸಲಹೆಗಳು ಬರತೊಡಗಿದವು. ಬಾಳೆಹಣ್ಣಿನ ಸಿಪ್ಪೆ, ಈರುಳ್ಳಿ ಸಿಪ್ಪೆ ನೆನೆಸಿದ ನೀರು, ಟೀ ಚರಟ, ಪಕ್ಕದ ಮನೆಯಿಂದ ಮೊಟ್ಟೆ ಸಿಪ್ಪೆ. ಒಬ್ಬರು ಎಪ್ಸಮ್ ಸಾಲ್ಟ್ ಹೇಳಿದರು. ಅದು ಮೆಗ್ನೀಸಿಯಮ್ ಸಲ್ಫೇಟ್, ಮಣ್ಣಿನಲ್ಲಿ ಮೆಗ್ನೀಸಿಯಮ್ ಕಡಿಮೆ ಇದ್ದರೆ ಮಾತ್ರ ಉಪಯೋಗ. ಇನ್ನೊಬ್ಬರು ಡಿಎಪಿ ಒಂದು ಮುಷ್ಟಿ ಹಾಕಿ ಅಂದರು. ಡಿಎಪಿ ರಸಗೊಬ್ಬರದಲ್ಲಿ ನೂರಕ್ಕೆ 18 ಭಾಗ ಸಾರಜನಕ, 46 ಭಾಗ ರಂಜಕ (ಫಾಸ್ಫೇಟ್ ರೂಪದ ಲೆಕ್ಕ). ಒಂದು ಗಿಡಕ್ಕೆ ಒಂದು ಮುಷ್ಟಿ ಅಂದರೆ ತುಂಬಾ ಜಾಸ್ತಿ. ನಾನು ಒಂದು ಚಮಚಕ್ಕೆ ಇಳಿಸಿದೆ. ಹಾಕಿದ್ದಂತೂ ನಿಜ.

ಹಾಕಿದಷ್ಟೂ ಗಿಡ ತಿಂದಿತು. ಎಲೆ ಇನ್ನೂ ದಟ್ಟವಾಯಿತು.

2022ರ ಮಳೆ ನೆನಪಿದೆ ಅಲ್ವಾ? ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆಯಲ್ಲಿ ದೋಣಿ, ಟ್ರ್ಯಾಕ್ಟರ್ ಓಡಾಡಿದ ವರ್ಷ. ನಮ್ಮ ಬೀದಿಯ ಗುಲಾಬಿಗಳಿಗೆಲ್ಲ ಕಪ್ಪು ಚುಕ್ಕೆ ರೋಗ ಬಂತು. ಎಲೆಯ ಮೇಲೆ ಅಂಚು ಹರಿದಂಥ ಕಪ್ಪು ಮಚ್ಚೆ, ಸುತ್ತ ಹಳದಿ, ಆಮೇಲೆ ಎಲೆ ಉದುರುವುದು. ಎಲೆ ಗಂಟೆಗಟ್ಟಲೆ ಒದ್ದೆಯಾಗಿದ್ದರೆ ಸಾಕು, ಆ ಶಿಲೀಂಧ್ರ ಹಿಡಿದುಬಿಡುತ್ತದೆ. ಎದುರು ಮನೆಯ ಹಳದಿ ಗುಲಾಬಿ ಬರೀ ಕಡ್ಡಿಯಾಗಿ ನಿಂತಿತ್ತು. ನಮ್ಮ ಗಿಡದಲ್ಲಿ ಒಂದು ಚುಕ್ಕೆಯೂ ಇಲ್ಲ. ಅದು ನಮ್ಮ ಆರೈಕೆಯ ಫಲ ಅಂದುಕೊಂಡೆವು. ಹಿಂದಿನ ವರ್ಷ ಇದೇ ಗಿಡ ಎರಡು ಸಲ ಕಪ್ಪು ಚುಕ್ಕೆಗೆ ಎಲೆ ಕಳೆದುಕೊಂಡಿತ್ತು ಅನ್ನುವುದು ನೆನಪಿಗೆ ಬರಲೇ ಇಲ್ಲ.

ಅಕ್ಟೋಬರ್ ಕೊನೆಗೆ, ಮಳೆ ಕಡಿಮೆಯಾದ ಮೇಲೆ, ಗಿಡ ಸವರಿದೆವು. ಬೆಂಗಳೂರಿನಲ್ಲಿ ಗುಲಾಬಿಗೆ ಒಳ್ಳೆಯ ಸಮಯ ಅದೇ. ಸವರಿದ ಮೇಲೆ 45ರಿಂದ 60 ದಿನಕ್ಕೆ ಹೂ ಬರಬೇಕು. ದಿನ ಎಣಿಸಿದೆವು. ಡಿಸೆಂಬರ್ ಹೋಯಿತು, ಸಂಕ್ರಾಂತಿ ಹೋಯಿತು. ಚಿಗುರು ಮಾತ್ರ ಬಂತು.

ಒಂದೊಂದೇ ಕಾರಣ ಬಿಟ್ಟುಹೋದದ್ದು

ಫೆಬ್ರವರಿಯಲ್ಲಿ ಒಂದು ನೋಟ್‌ಬುಕ್ ಹಿಡಿದು ಕೂತೆ. ಗುಲಾಬಿ ಹೂ ಬಿಡದಿರಲು ನನಗೆ ಗೊತ್ತಿದ್ದ ಕಾರಣ ನಾಲ್ಕು. ಬಿಸಿಲು ಸಾಲದು. ಸಾರಜನಕ ಜಾಸ್ತಿ. ಸವರಿದ್ದು ಸರಿಯಿಲ್ಲ. ಇಲ್ಲವೇ ಕುರುಡು ಚಿಗುರು, ಅಂದರೆ ತುದಿಯಲ್ಲಿ ಮೊಗ್ಗು ಕಟ್ಟದೆ ಎಲೆಯಲ್ಲೇ ನಿಂತುಹೋಗುವ ಚಿಗುರು.

ನನ್ನ ಅನುಮಾನ ಬಿಸಿಲಿನ ಮೇಲಿತ್ತು. ಎದುರು ಸೈಟ್‌ನಲ್ಲಿ ನಾಲ್ಕಂತಸ್ತಿನ ಕಟ್ಟಡ ಎದ್ದಿತ್ತು. ಒಂದು ಭಾನುವಾರ ಬೆಳಿಗ್ಗೆಯಿಂದ ಗಂಟೆಗೊಮ್ಮೆ ಹೊರಗೆ ಬಂದು, ಗಿಡದ ಮೇಲೆ ಬಿಸಿಲಿದೆಯಾ ಅಂತ ಬರೆದಿಟ್ಟೆ. ಏಳೂವರೆಗೆ ಶುರು, ಒಂದು ಗಂಟೆಗೆ ಕೊನೆ. ಐದೂವರೆ ಗಂಟೆ. ಗುಲಾಬಿಗೆ ಆರು ಗಂಟೆ ಬೇಕು ಅನ್ನುತ್ತಾರೆ. ಸಿಕ್ಕಿಬಿಟ್ಟಿತು ಅಂದುಕೊಂಡೆ.

ಕಾಫಿ ಲೋಟ ಹಿಡಿದು ಅಲ್ಲೇ ನಿಂತಿದ್ದಾಗ ಪಕ್ಕದ ಪನ್ನೀರು ಗುಲಾಬಿ ಕಣ್ಣಿಗೆ ಬಿತ್ತು. ಅದರಲ್ಲಿ ಏಳು ಹೂ.

ಅದೇ ಬಿಸಿಲು, ಅದೇ ಮಣ್ಣು, ಅದೇ ನೀರು. ಅಮ್ಮ ಈರುಳ್ಳಿ ನೀರನ್ನೂ ಎರಡಕ್ಕೂ ಸಮವಾಗಿ ಹಾಕುತ್ತಿದ್ದರು. ಅದು ಹೂ ಬಿಡುತ್ತಿದೆ, ಇದು ಇಲ್ಲ. ಪನ್ನೀರು ಗುಲಾಬಿ ಸ್ವಲ್ಪ ಕಡಿಮೆ ಬಿಸಿಲಿಗೂ ಒಗ್ಗುವ ಜಾತಿ ಅಂತಲೇ ಇಟ್ಟುಕೊಳ್ಳೋಣ. ಬಿಸಿಲು ಒಂದು ಗಂಟೆ ಕಡಿಮೆಯಾದರೆ ಹೂ ಕಡಿಮೆಯಾಗುತ್ತದೆ, ಪೂರ್ತಿ ನಿಲ್ಲುವುದಿಲ್ಲ. ಗೊಬ್ಬರ ಜಾಸ್ತಿಯಾದರೂ ಅಷ್ಟೇ. ಕುರುಡು ಚಿಗುರು ಹತ್ತರಲ್ಲಿ ಮೂರು ಇರಬಹುದು, ಎಲ್ಲವೂ ಕುರುಡಾಗುವುದಿಲ್ಲ. ಅಲ್ಲಿಗೆ ಹೊರಗಿನ ಕಾರಣಗಳೆಲ್ಲ ಬಿದ್ದುಹೋದವು. ತೊಂದರೆ ಗಿಡದ ಒಳಗೇ ಇದೆ ಅಂತ ಆಗ ಅನ್ನಿಸಿತು.

ಒಂದು ಕೊಂಬೆಯ ತುದಿ ಕತ್ತರಿಸಿ, ಒದ್ದೆ ಬಟ್ಟೆ ಸುತ್ತಿ, ನನಗೆ ಪರಿಚಯದ ಹಿರಿಯ ಮಾಲಿ ಒಬ್ಬರ ಹತ್ತಿರ ತಗೊಂಡು ಹೋದೆ. ಗುಲಾಬಿ ಕಸಿ ಕಟ್ಟುವುದರಲ್ಲೇ ಅರ್ಧ ಆಯಸ್ಸು ಕಳೆದವರು. ನಾನು ಕಥೆ ಶುರು ಮಾಡುವುದರೊಳಗೆ ಅವರ ಹೆಬ್ಬೆರಳು ಎಲೆಯ ಬುಡಕ್ಕೆ ಹೋಗಿತ್ತು.

"ಕುಚ್ಚು ನೋಡಿದ್ರಾ?" ಅಂದರು.

ನೋಡಿರಲಿಲ್ಲ. ಗುಲಾಬಿ ಎಲೆಯ ತೊಟ್ಟು ಕಡ್ಡಿಗೆ ಸೇರುವ ಜಾಗದಲ್ಲಿ, ಎರಡೂ ಕಡೆ ಪುಟ್ಟ ರೆಕ್ಕೆ ಥರ ಅಂಟಿಕೊಂಡಿರುತ್ತದೆ. ಮಾಮೂಲಿ ಹೂಗುಲಾಬಿಯಲ್ಲಿ ಅದರ ಅಂಚು ಹೆಚ್ಚುಕಡಿಮೆ ನಯ. ನಾನು ತಂದ ಕಡ್ಡಿಯಲ್ಲಿ ಅದು ಸೀರೆ ಸೆರಗಿನ ಕುಚ್ಚಿನ ಹಾಗೆ ಎಳೆಎಳೆಯಾಗಿ ಬಿಟ್ಟಿತ್ತು. ಬೆಳಕಿಗೆ ಹಿಡಿದರೆ ಪ್ರತಿ ಎಳೆಯೂ ಬೇರೆ ಬೇರೆ ಕಾಣುತ್ತಿತ್ತು. 14 ತಿಂಗಳು ದಿನಾ ನೀರು ಹಾಕಿದ ಗಿಡ. ಇದನ್ನು ನಾನು ಒಂದು ಸಲವೂ ನೋಡಿರಲಿಲ್ಲ.

"ಇದು ನಿಮ್ ಗುಲಾಬಿ ಅಲ್ಲ. ಕೆಳಗಿನ ಗಿಡ" ಅಂದರು.

ಒಂದೇ ಬುಡ, ಎರಡು ಗಿಡ

ನರ್ಸರಿಯಿಂದ ತರುವ ದೊಡ್ಡ ಹೂವಿನ ಗುಲಾಬಿ ಸಾಮಾನ್ಯವಾಗಿ ಎರಡು ಗಿಡ ಸೇರಿ ಆದದ್ದು. ಬೇರು ಒಂದು ಗಟ್ಟಿ ಕಾಡು ಜಾತಿಯದು, ಅದಕ್ಕೆ ಬೇರುಸಸಿ ಅನ್ನುತ್ತಾರೆ. ಅದರ ತೊಗಟೆ ಸೀಳಿ, ಬೇಕಾದ ಹೂವಿನ ಗಿಡದ ಒಂದು ಕಣ್ಣನ್ನು, ಅಂದರೆ ಕಡ್ಡಿಯಲ್ಲಿ ಚಿಗುರೊಡೆಯುವ ಮೊಳಕೆಯನ್ನು, ಕೂರಿಸಿ ಕಟ್ಟುತ್ತಾರೆ. ಕಣ್ಣು ಹಿಡಿದ ಮೇಲೆ ಕಾಡು ಜಾತಿಯ ತಲೆ ತೆಗೆದುಬಿಡುತ್ತಾರೆ. ಎರಡೂ ಸೇರಿದ ಜಾಗ ಊದಿ ಗಂಟಾಗುತ್ತದೆ. ಗಂಟಿನ ಮೇಲೆ ಬರುವುದೆಲ್ಲ ನಾವು ದುಡ್ಡು ಕೊಟ್ಟು ತಂದ ಹೂ. ಗಂಟಿನ ಕೆಳಗೆ ಬರುವುದೆಲ್ಲ ಕಾಡು ಗಿಡ. ಎರಡೂ ಒಂದೇ ಬೇರಿನ ನೀರು ಕುಡಿದು ವರ್ಷಗಟ್ಟಲೆ ಇದ್ದರೂ ಒಂದು ಇನ್ನೊಂದಾಗುವುದಿಲ್ಲ. "ಕೆಂಪು ಗುಲಾಬಿ ಬಿಳಿಯಾಯಿತು", "ಮಣ್ಣು ಹಿಡಿಸಲಿಲ್ಲ, ಜಾತಿ ಬದಲಾಯಿತು" ಅಂತ ಹೇಳುವ ಮನೆಗಳಲ್ಲಿ ಸಾಮಾನ್ಯವಾಗಿ ನಡೆದಿರುವುದು ಇದೇ. ಬದಲಾಗಿದ್ದು ಗಿಡದ ಗುಣ ಅಲ್ಲ. ಮೇಲಿನದು ಸೋತು, ಕೆಳಗಿನದು ಎದ್ದಿರುತ್ತದೆ.

ನಮ್ಮ ಕಡೆ ಬೇರುಸಸಿಯಾಗಿ ಬಹಳ ಬಳಸುವುದು ರೋಸಾ ಮಲ್ಟಿಫ್ಲೋರಾ. ಮುಳ್ಳಿಲ್ಲದ, ಇಲ್ಲವೇ ತೀರಾ ಕಡಿಮೆ ಮುಳ್ಳಿನ ಬಗೆಯನ್ನೇ ಆರಿಸುತ್ತಾರೆ, ಕಸಿ ಕಟ್ಟುವ ಕೈಗೆ ಸುಲಭ ಅಂತ. ಅಮ್ಮ ಹೇಳಿದ "ಮುಳ್ಳು ಕಡಿಮೆ" ಇದೇ. ಇದರ ತವರು ಜಪಾನ್, ಕೊರಿಯಾ, ಚೀನಾ. ಅಲ್ಲಿ ವರ್ಷಕ್ಕೊಮ್ಮೆ, ಚಳಿ ಕಳೆದು ಬಿಸಿಲು ಏರುವಾಗ, ಗೊಂಚಲು ಗೊಂಚಲಾಗಿ ಸಣ್ಣ ಬಿಳಿ ಹೂ ಬಿಡುತ್ತದೆ. ಹನುಮಂತನಗರದ ಹವೆಯಲ್ಲಿ ನಮಗೆ ಅದೂ ಸಿಗಲಿಲ್ಲ, ಎಲೆ ಮಾತ್ರ. ಅಮೆರಿಕಕ್ಕೆ 1866ರಲ್ಲಿ ಇದನ್ನು ಬೇರುಸಸಿಯಾಗಿಯೇ ಒಯ್ದರು. 1930ರ ದಶಕದಲ್ಲಿ ಮಣ್ಣು ಕೊಚ್ಚಿಹೋಗದಿರಲಿ ಅಂತ ಹೊಲದ ಬೇಲಿಗೆ ನೆಡಿಸಿದರು. ಈಗ ಅಲ್ಲಿನ ಎಷ್ಟೋ ರಾಜ್ಯಗಳಲ್ಲಿ ಅದು ಕಳೆ. ಅಂಥ ಶಕ್ತಿಯ ಗಿಡ. ನಮ್ಮ ಬಾಳೆಸಿಪ್ಪೆ, ಡಿಎಪಿ, ಈರುಳ್ಳಿ ನೀರು ಎಲ್ಲ ಹೋಗಿದ್ದು ಇದರ ಹೊಟ್ಟೆಗೆ. ನಮ್ಮ ಕೆಂಪು ಗುಲಾಬಿಯ ಪಾಲಿಗೆ ಅದು ಇನ್ನಷ್ಟು ನೆರಳಾಯಿತು.

ಎಲ್ಲ ಕಡೆ ಬೇರುಸಸಿ ಒಂದೇ ಅಲ್ಲ ಅನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಅಮೆರಿಕದಲ್ಲಿ ಡಾಕ್ಟರ್ ಹ್ಯೂಯಿ ಅನ್ನುವ ಗುಲಾಬಿಯನ್ನು ಬೇರಿಗೆ ಬಳಸುವುದು ಹೆಚ್ಚು. ಅಲ್ಲಿನವರ ಹಳದಿ, ಬಿಳಿ ಗುಲಾಬಿಗಳು ಒಂದು ವರ್ಷ ಇದ್ದಕ್ಕಿದ್ದಂತೆ ಕಡುಗೆಂಪು ಹೂ ಬಿಡುತ್ತವೆ. ಉತ್ತರ ಭಾರತದಲ್ಲಿ ಎಡ್ವರ್ಡ್ ಗುಲಾಬಿಯನ್ನೂ ಬೇರಿಗೆ ಬಳಸುವುದುಂಟು. ಅದರ ಎಲೆಬುಡದಲ್ಲಿ ಈ ಕುಚ್ಚು ಹುಡುಕಿದರೆ ಸಿಗುವುದಿಲ್ಲ.

ಎಲೆ ಎಣಿಸುವ ಬಗ್ಗೆಯೂ ಒಂದು ಮಾತು. "ಐದೆಲೆ ಇದ್ದರೆ ಒಳ್ಳೆಯದು, ಏಳೆಲೆ ಇದ್ದರೆ ಕಾಡು" ಅನ್ನುವ ಲೆಕ್ಕ ಎಲ್ಲರ ಬಾಯಲ್ಲೂ ಇದೆ. ದಯವಿಟ್ಟು ಅದೊಂದನ್ನೇ ನಂಬಿ ಕತ್ತರಿ ಹಾಕಬೇಡಿ. ಒಳ್ಳೆಯ ಹೂಗುಲಾಬಿಗಳಲ್ಲೂ ಏಳೆಲೆ ಬರುತ್ತದೆ, ಅದರಲ್ಲೂ ಬಲವಾದ ಚಿಗುರಿನಲ್ಲಿ. ನಮ್ಮ ಬೀದಿಯಲ್ಲೇ ಒಬ್ಬರು ಈ ಲೆಕ್ಕ ನಂಬಿ, ಮೊಗ್ಗು ಕಟ್ಟಲಿದ್ದ ಒಳ್ಳೆಯ ಕೊಂಬೆ ಕಡಿದು ಹಾಕಿದರು. ಕಾಡು ಕೊಂಬೆಯ ಗುರುತು ಬೇರೆ. ಎಲೆ ಸಣ್ಣದು, ಮೆತ್ತಗೆ, ಮಂಕು ಹಸಿರು. ಎಳೆ ಚಿಗುರಿನಲ್ಲಿ ಕೆಂಪು ಇಲ್ಲ. ಮುಳ್ಳು ಬೇರೆ ಥರ. ಎಲೆಬುಡದಲ್ಲಿ ಕುಚ್ಚು. ಇವೆಲ್ಲ ಅನುಮಾನಕ್ಕೆ ಸಾಕು. ತೀರ್ಮಾನಕ್ಕೆ ಒಂದೇ ದಾರಿ. ಮಣ್ಣು ಸರಿಸಿ, ಆ ಕೊಂಬೆ ಗಂಟಿನ ಮೇಲಿಂದ ಬಂದಿದೆಯಾ, ಕೆಳಗಿಂದ ಬಂದಿದೆಯಾ ಅಂತ ಕಣ್ಣಾರೆ ನೋಡಬೇಕು.

ಮಾಲಿಯವರೂ ಅದನ್ನೇ ಹೇಳಿ ಕಳಿಸಿದರು. "ಮೊದಲು ಬುಡ ನೋಡಿ. ಮೇಲಿನದು ಸತ್ತಿದ್ರೆ ಬೇರೆ ಮಾತು. ಒಂದು ಕಣ್ಣು ಬದುಕಿದ್ರೂ ಸಾಕು, ವಾಪಸ್ ತರಬಹುದು."

ಚಮಚದಲ್ಲಿ ಅಗೆದದ್ದು

ಮರುದಿನ ಬೆಳಿಗ್ಗೆ ಅಮ್ಮ, ನಾನು ಇಬ್ಬರೂ ಮಣೆ ಹಾಕಿಕೊಂಡು ಕೂತೆವು. ಕುರ್ಪಿ ಬೇಡ, ಬೇರಿಗೆ ತಾಗುತ್ತೆ ಅಂತ ಅಮ್ಮ ಹಳೆಯ ಸ್ಟೀಲ್ ಚಮಚ ತಂದರು. ಮೇಲಿನ ಎರಡಂಗುಲ ಬರೀ ಒಣಗೊಬ್ಬರ, ಎರೆಹುಳ ಓಡಾಡಿದ ಮಣ್ಣು. ಅದರ ಕೆಳಗೆ ಗಂಟು ಸಿಕ್ಕಿತು. ಮುಷ್ಟಿ ಗಾತ್ರ, ಕಂದು ಬಣ್ಣ, ಒಂದು ಕಡೆ ಬೊಂಬು ಬಿದ್ದು ಸೀಳಿದ ಗಾಯ ಕಪ್ಪಗೆ ಒಣಗಿತ್ತು. ಮೂರು ದಪ್ಪ ಕೊಂಬೆಗಳನ್ನೂ ಬೆರಳಲ್ಲೇ ಹಿಂಬಾಲಿಸಿ ಹೋದೆವು. ಎರಡು ಗಂಟಿನ ಕೆಳಗೆ, ಬೇರು ಶುರುವಾಗುವ ಕಡೆಯಿಂದ ಬಂದಿದ್ದವು. ಮೂರನೆಯದು ಇನ್ನೂ ಕೆಳಗಿಂದ. ಮೂರೂ ಕಾಡು.

ಅಮ್ಮ ಮಾತಾಡಲಿಲ್ಲ. ಗಂಟನ್ನು ಸೆರಗಿನ ತುದಿಯಲ್ಲಿ ಮೆಲ್ಲಗೆ ಒರೆಸುತ್ತಿದ್ದರು.

ಆಗ ಗೋಡೆ ಕಡೆಯ ಮಗ್ಗುಲಲ್ಲಿ ಏನೋ ಬೆರಳಿಗೆ ಚುಚ್ಚಿತು. ಪೆನ್ಸಿಲ್ ಸೀಸದಷ್ಟು ಸಣ್ಣ ಕಡ್ಡಿ, ಒಂದು ಗೇಣಿಲ್ಲ. ಒಣ ಎಲೆಗಳ ಅಡಿಯಲ್ಲಿ ಬೆಳಕಿಗಾಗಿ ಪಕ್ಕಕ್ಕೆ ತೆವಳಿತ್ತು. ಅದರಲ್ಲಿ ನಾಲ್ಕೇ ಎಲೆ. ತುದಿಯಲ್ಲಿ ಅಕ್ಕಿಕಾಳಿನಷ್ಟು ಚಿಗುರು, ಕಡುಗೆಂಪು. ಬುಡ ನೋಡಿದರೆ ನೇರ ಗಂಟಿನ ಮೇಲಿಂದಲೇ ಬಂದಿತ್ತು. ಮುಳ್ಳು ಸರಿಯಾಗಿ ಇತ್ತು, ಬೆರಳಲ್ಲಿ ರಕ್ತ ಬಂದಿತ್ತು. ಎಲೆಬುಡ ಉಜ್ಜಿ ನೋಡಿದೆ. ನಯ.

14 ತಿಂಗಳು ನಮ್ಮ ಗಿಡ ಅಲ್ಲೇ ಇತ್ತು.

ಕಾಡು ಕೊಂಬೆಯನ್ನು ಕತ್ತರಿಯಲ್ಲಿ ಕತ್ತರಿಸಬಾರದು, ಕಿತ್ತು ಹಾಕಬೇಕು. ಕತ್ತರಿಸಿದರೆ ಬುಡದಲ್ಲಿ ಉಳಿಯುವ ಕಣ್ಣುಗಳು ಒಂದಕ್ಕೆ ನಾಲ್ಕಾಗಿ ಚಿಗುರುತ್ತವೆ. ಹೊರಟ ಜಾಗದಲ್ಲೇ ಹಿಡಿದು ಕೆಳಕ್ಕೆ ಎಳೆದರೆ ಆ ಕಣ್ಣುಗಳೂ ಸೇರಿ ಬರುತ್ತವೆ. ಎಳೆಯದಾಗಿದ್ದಾಗ ಬೆರಳಲ್ಲೇ ಆಗುವ ಕೆಲಸ. ನಮ್ಮದು ಹೆಬ್ಬೆರಳು ದಪ್ಪ ಆಗಿತ್ತು. ದಪ್ಪ ಕೈಗವಸು ಹಾಕಿ, ಸುತ್ತ ಚಾಕುವಿನಲ್ಲಿ ಸ್ವಲ್ಪ ಗೀರಿ ಎಳೆದೆ. ಮೊದಲನೆಯದು ಕಿತ್ತುಬಂದಾಗ ತೊಗಟೆಯ ಒಂದು ನಾಲಿಗೆಯೂ ಜೊತೆಗೆ ಬಂತು. ಹಾಗೆಯೇ ಬರಬೇಕು. ಎರಡು ತೆಗೆದೆವು. ಮೂರನೆಯದನ್ನು ಅರ್ಧಕ್ಕೆ ಕಡಿದು ಬಿಟ್ಟೆವು. ಸಣ್ಣ ಕಡ್ಡಿಯ ನಾಲ್ಕು ಎಲೆ ಅಷ್ಟು ದೊಡ್ಡ ಬೇರನ್ನು ಸಾಕುವುದು ಕಷ್ಟ, ಸ್ವಲ್ಪ ದಿನ ಇದರ ಎಲೆಯೂ ಇರಲಿ ಅಂತ. ಅದು ಮಾಲಿಯವರ ಸಲಹೆ. ಜೂನ್‌ನಲ್ಲಿ ಅದನ್ನೂ ಕಿತ್ತೆವು. ಮಣ್ಣನ್ನು ಗಂಟಿನ ಕೆಳಗಿನವರೆಗೂ ಇಳಿಸಿ, ಗಂಟು ಗಾಳಿ ಬೆಳಕಿಗೆ ಕಾಣುವ ಹಾಗೆ ಬಿಟ್ಟೆವು. ಹಿಮ ಬೀಳುವ ದೇಶಗಳಲ್ಲಿ ಗಂಟನ್ನು ಚಳಿಯಿಂದ ಕಾಪಾಡಲು ಮಣ್ಣಲ್ಲಿ ಹೂಳುತ್ತಾರೆ. ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ಬೆಂಗಳೂರಿನ ಚಳಿಗೆ ಅದು ಬೇಕಾಗಿಲ್ಲ, ಎರಡಂಗುಲ ಮೇಲಿದ್ದರೇ ಒಳ್ಳೆಯದು.

ಬಣ್ಣದ ಗಾಬರಿ

ಕಡ್ಡಿಗೆ ಬಿಸಿಲು ಸಿಕ್ಕಿದ್ದೇ ತಡ, ಮಾರ್ಚ್‌ನಲ್ಲಿ ಎರಡು ಹೊಸ ಚಿಗುರು. ಏಪ್ರಿಲ್ ಕೊನೆಗೆ ಮೊಗ್ಗು. ಅಮ್ಮ ಮೊಗ್ಗಿನ ಹತ್ತಿರ ಹೋಗುವವರಿಗೆಲ್ಲ ಮುಟ್ಟಬೇಡಿ ಅನ್ನುತ್ತಿದ್ದರು. ಅದೇ ವಾರ ಎಲೆಗಳ ಅಂಚಿನಲ್ಲಿ ನಾಣ್ಯದ ಅಚ್ಚಿನಲ್ಲಿ ಕತ್ತರಿಸಿದ ಹಾಗೆ ದುಂಡು ತೂತು ಕಂಡು ಇಬ್ಬರಿಗೂ ಹೆದರಿಕೆಯಾಯಿತು. ಕೂತು ನೋಡಿದರೆ ಒಂದು ಜೇನುಹುಳ. ಎಲೆಕತ್ತರಿಸುವ ಒಂಟಿ ಜೇನು. ಕತ್ತರಿಸಿದ ಚೂರು ತಿನ್ನುವುದಿಲ್ಲ, ಒಯ್ದು ಮೊಟ್ಟೆ ಇಡುವ ಗೂಡಿಗೆ ಹಾಸುತ್ತದೆ. ಗಿಡಕ್ಕೆ ತೊಂದರೆ ಇಲ್ಲ. ಔಷಧಿ ಹೊಡೆಯಲಿಲ್ಲ.

ಮೇ ಮೊದಲ ವಾರ ಹೂ ಅರಳಿತು. ಕೆಂಪಲ್ಲ. ತೊಳೆದು ಮಾಸಿದಂಥ ಗುಲಾಬಿ ಬಣ್ಣ, ಗಾತ್ರವೂ ಅರ್ಧ, ಎಸಳೂ ಕಡಿಮೆ.

"ಇದು ನಮ್ಮದಲ್ಲ" ಅಂದರು ಅಮ್ಮ. ಅವರ ಮುಖ ನೋಡಲು ಆಗಲಿಲ್ಲ. ನನಗೂ ಒಂದು ಕ್ಷಣ ಹಾಗೇ ಅನ್ನಿಸಿತು. ಗಂಟಿನ ಮೇಲಿಂದ ಬಂದದ್ದು ಕಣ್ಣಾರೆ ಕಂಡಿದ್ದೆ, ಆದರೂ. ಬಗ್ಗಿ ಮೂಸಿ ನೋಡಿದೆ. ಅದೇ ವಾಸನೆ. ಅಮ್ಮನಿಗೂ ಮೂಸಿಸಿದೆ.

ಬಣ್ಣದ ಉತ್ತರ ಹವೆಯಲ್ಲಿತ್ತು. ಗುಲಾಬಿಯ ಕೆಂಪು ಬರುವುದು ಆಂಥೊಸಯನಿನ್ ಅನ್ನುವ ಬಣ್ಣದಿಂದ. ಮೊಗ್ಗು ಬಲಿಯುವಾಗ ಸೆಕೆ ಜಾಸ್ತಿ ಇದ್ದರೆ ಎಸಳಿನಲ್ಲಿ ಅದು ಕಡಿಮೆ ತಯಾರಾಗುತ್ತದೆ. ಸೆಕೆಯಲ್ಲಿ ಮೊಗ್ಗು ಬೇಗ ಬೇಗ ಅರಳುವುದರಿಂದ ಹೂ ಸಣ್ಣದೂ ಆಗುತ್ತದೆ. ನಮ್ಮ ಏಪ್ರಿಲ್, ಮೇ ತಿಂಗಳ 33, 34 ಡಿಗ್ರಿಯಲ್ಲಿ ಬಡಕಲು ಕಡ್ಡಿ ಬಿಟ್ಟ ಮೊದಲ ಹೂ ಅದು. ಹೊಸದಾಗಿ ಗಿಡ ತಂದವರು ಬೇಸಿಗೆ ಹೂ ನೋಡಿ ನರ್ಸರಿಯವರು ಬೇರೆ ಗಿಡ ಕೊಟ್ಟರು ಅಂದುಕೊಳ್ಳುವುದನ್ನು ಕಂಡಿದ್ದೇನೆ. ಡಿಸೆಂಬರ್‌ವರೆಗೆ ಕಾಯಿರಿ ಅಂತ ಅವರಿಗೆ ಹೇಳುತ್ತೇನೆ. ನಮ್ಮದೂ ಅಕ್ಟೋಬರ್‌ನಲ್ಲಿ ಹಗುರಾಗಿ ಸವರಿದ ಮೇಲೆ, ಡಿಸೆಂಬರ್‌ನ ತಣ್ಣನೆ ರಾತ್ರಿಗಳಲ್ಲಿ, ಹಳೆಯ ಕಡುಗೆಂಪಿಗೆ ಬಂತು. ಐದು ಹೂ. ಅಮ್ಮ ಮೊದಲನೆಯದನ್ನು ಕಿತ್ತದ್ದು ಒಂದು ಶುಕ್ರವಾರವೇ.

ಕಾಡು ಕೊಂಬೆಯ ಉಪಯೋಗ

ಫೆಬ್ರವರಿಯಲ್ಲಿ ಕಿತ್ತ ಆ ಎರಡು ದಪ್ಪ ಕೊಂಬೆಗಳನ್ನು ಬಿಸಾಡಬೇಡಿ ಅಂತ ಮಾಲಿಯವರು ಹೇಳಿದ್ದರು. ಅದು ನನಗೆ ಈ ಪ್ರಕರಣದಲ್ಲಿ ಸಿಕ್ಕ ದೊಡ್ಡ ಆಶ್ಚರ್ಯ. ಗೇಣುದ್ದದ ಒಂಬತ್ತು ತುಂಡು ಮಾಡಿದೆವು. ಪ್ರತಿ ತುಂಡಿನಲ್ಲೂ ಮಣ್ಣೊಳಗೆ ಹೋಗುವ ಭಾಗದ ಕಣ್ಣುಗಳನ್ನೆಲ್ಲ ಬ್ಲೇಡಿನಲ್ಲಿ ಕೆರೆದು ತೆಗೆದೆವು. ಮೇಲಿನ ಎರಡು ಕಣ್ಣು ಮಾತ್ರ ಉಳಿಸಿದೆವು. ಮುಂದೆ ಬುಡದಿಂದ ಕಾಡು ಚಿಗುರು ಏಳುವುದನ್ನು ಈಗಲೇ ತಪ್ಪಿಸುವ ಉಪಾಯ ಅದು. ಮಲ್ಟಿಫ್ಲೋರಾ ಬೇರು ಬಿಡುವುದರಲ್ಲಿ ಜೋರು. ಒಂಬತ್ತರಲ್ಲಿ ಆರು ಹಿಡಿದವು.

ಡಿಸೆಂಬರ್‌ಗೆ ಅವು ಪೆನ್ಸಿಲ್ ದಪ್ಪ ಆದವು. ಅಷ್ಟರಲ್ಲಿ ಕೆಂಪು ಗುಲಾಬಿಯಲ್ಲೂ ಕಣ್ಣು ತೆಗೆಯುವಂಥ ಕೊಂಬೆ ಇತ್ತು. ಹೂ ಆಗತಾನೆ ಉದುರಿದ ಕೊಂಬೆಯ ನಡುವಿನ ಕಣ್ಣು ಒಳ್ಳೆಯದು, ಬಲಿತಿರುತ್ತದೆ, ಇನ್ನೂ ಚಿಗುರಿರುವುದಿಲ್ಲ. ಮಾಲಿಯವರು ಒಂದು ಭಾನುವಾರ ಮನೆಗೇ ಬಂದು ಮೊದಲ ಎರಡು ಕಟ್ಟಿ ತೋರಿಸಿದರು. ಮಣ್ಣಿನಿಂದ ಎರಡಂಗುಲ ಮೇಲೆ ತೊಗಟೆಯಲ್ಲಿ ಇಂಗ್ಲಿಷಿನ ಟಿ ಆಕಾರದ ಗೀರು. ಚಾಕುವಿನ ಬೆನ್ನಿನಿಂದ ತೊಗಟೆ ಎರಡೂ ಕಡೆ ಬಿಡಿಸಿದರು. ಬಾಳೆಯ ಸಿಪ್ಪೆ ಬಿಡುವಷ್ಟು ಸಲೀಸಾಗಿ ಬಿಟ್ಟಿತು, ಒಳಗೆ ಒದ್ದೆ, ಬಿಳಿ. ಹಿಂದಿನ ಎರಡು ದಿನ ಚೆನ್ನಾಗಿ ನೀರು ಹಾಕಿ ಅಂದದ್ದು ಇದಕ್ಕೇ. ತೊಗಟೆ ಬಿಡದಿದ್ದರೆ ಕಣ್ಣು ಹಿಡಿಯುವುದಿಲ್ಲ. ಕೆಂಪು ಗುಲಾಬಿಯ ಕಣ್ಣನ್ನು ದೋಣಿಯಾಕಾರದಲ್ಲಿ ತೆಗೆದು, ಮೇಲಿಂದ ಜಾರಿಸಿ ಕೂರಿಸಿ, ಪ್ಲಾಸ್ಟಿಕ್ ಪಟ್ಟಿ ಸುತ್ತಿದರು. ಕಣ್ಣು ಮಾತ್ರ ಹೊರಗೆ. ಗೀರಿದ್ದಕ್ಕೂ ಕಟ್ಟಿದ್ದಕ್ಕೂ ಒಂದು ನಿಮಿಷ ಆಗಿರಲಿಲ್ಲ, ಗಾಯ ಒಣಗುವುದಕ್ಕೆ ಬಿಡಬಾರದು ಅಂತ. ಉಳಿದ ನಾಲ್ಕನ್ನು ನಾನು ಕಟ್ಟಿದೆ.

ಮೂರು ವಾರ ಕಳೆದ ಮೇಲೆ ಪಟ್ಟಿ ಬಿಚ್ಚಿ ನೋಡಿದರೆ ಅವರವು ಎರಡೂ ಹಸಿರಾಗಿದ್ದವು. ನನ್ನವು ನಾಲ್ಕರಲ್ಲಿ ಎರಡು ಕಪ್ಪಾಗಿದ್ದವು, ಎರಡು ಹಿಡಿದಿದ್ದವು. ಹಿಡಿದ ನಾಲ್ಕರಲ್ಲೂ ಕಣ್ಣಿನ ಮೇಲೆ ಕಾಡಿನ ತಲೆ ಕತ್ತರಿಸಿದೆವು. ಆ ಕಣ್ಣು ಚಿಗುರಿದಾಗ ತುದಿ ಕಡುಗೆಂಪು.

2024ರ ಮಾರ್ಚ್ ಕಷ್ಟದ ತಿಂಗಳು. ಬೋರ್‌ವೆಲ್‌ಗಳು ಬತ್ತಿದ್ದವು. ಕುಡಿಯುವ ನೀರನ್ನು ಗಿಡಕ್ಕೆ ಹಾಕಿದರೆ 5,000 ರೂಪಾಯಿ ದಂಡ ಅಂತ ಜಲಮಂಡಳಿ ಹೇಳಿತ್ತು. ಅಕ್ಕಿ, ತರಕಾರಿ ತೊಳೆದ ನೀರನ್ನೇ ಹಂಚಿ ಹಾಕಿದೆವು. ಬುಡಕ್ಕೆ ಒಣ ಎಲೆ ದಪ್ಪಗೆ ಹಾಸಿದೆವು, ಗಂಟಿಗೆ ತಾಗದ ಹಾಗೆ. ನಾಲ್ಕರಲ್ಲಿ ಒಂದು ಹೋಯಿತು. ಮೂರು ಉಳಿದವು. ಒಂದು ತುಮಕೂರಿನ ಚಿಕ್ಕಮ್ಮನ ಮನೆಗೆ ಹೋಗಿದೆ, ಪನ್ನೀರು ಕಡ್ಡಿ ಬಂದ ಮನೆಗೆ. ಒಂದು ಎದುರು ಮನೆಯವರಿಗೆ. ಇನ್ನೊಂದು ನಮ್ಮ ತಾರಸಿಯಲ್ಲಿದೆ, ನೆಲದ ಗಿಡಕ್ಕೆ ಏನಾದರೂ ಆದರೆ ಇರಲಿ ಅಂತ.

ಹಳೆಯ ಗಿಡದ ಬುಡದಲ್ಲಿ ಈಗಲೂ ವರ್ಷಕ್ಕೆ ಎರಡೋ ಮೂರೋ ಕಾಡು ಚಿಗುರು ಏಳುತ್ತವೆ, ಹೆಚ್ಚಾಗಿ ಮಳೆಗಾಲದಲ್ಲಿ. ಸ್ಟೀಲ್ ಚಮಚ ಕಾಂಪೌಂಡಿನ ಮೂಲೆಯಲ್ಲೇ ಇರುತ್ತದೆ. ಚಿಗುರು ಬೆರಳುದ್ದ ಆಗುವುದರೊಳಗೆ ಅಮ್ಮ ಬಗ್ಗಿ, ಎಲೆಯ ಬುಡವನ್ನು ಹೆಬ್ಬೆರಳಲ್ಲಿ ಉಜ್ಜಿ ನೋಡುತ್ತಾರೆ. ಕುಚ್ಚು ತಾಗಿದರೆ ಚಮಚದಲ್ಲಿ ಮಣ್ಣು ಸರಿಸಿ, ಎಲ್ಲಿಂದ ಹೊರಟಿದೆ ಅಂತ ನೋಡಿ, ಕಿತ್ತು, ನನಗೂ ತೋರಿಸಿ ಆಮೇಲೆ ಬುಟ್ಟಿಗೆ ಹಾಕುತ್ತಾರೆ.